ಮಕ್ಕಳಿಗೆ ‘ಹಯವದನ’ ತೋರಿಸುವ ಮೊದಲು, ತೋರಿಸಿದ ಮೇಲೆ

ನಾಟಕದ ನಡುವೆ ಮಕ್ಕಳು ಒದ್ದಾಡುವುದು ಕಥೆ ಅರ್ಥವಾಗದೆ ಅಲ್ಲ. ಹಸಿವು, ನಿದ್ದೆ, ಇಲ್ಲವೇ ಮುಂದೆ ಕೂತವರ ತಲೆ ಅಡ್ಡ ಬಂದು. ಮನೆಯಲ್ಲೇ ಕಲಿಯುವ ನಮ್ಮ ಮಕ್ಕಳಿಗೆ ಮರುದಿನ ಶಾಲೆಯ ಬಸ್ಸಿನ ಗಡಿಬಿಡಿ ಇಲ್ಲವಾದರೂ ಮಧ್ಯಾಹ್ನ ಒಂದು ನಿದ್ದೆ ಮಾಡಿಸಿ, ಸಂಜೆ ಆರಕ್ಕೇ ಊಟ ಮುಗಿಸಿ ಹೊರಡುತ್ತೇವೆ.

ಗಿರೀಶ ಕಾರ್ನಾಡರ ‘ಹಯವದನ’ (1971) ನಮ್ಮ ಲೆಕ್ಕದಲ್ಲಿ 12 ದಾಟಿದವರಿಗೆ. ಕತ್ತಿಯಲ್ಲಿ ತಲೆ ಕಡಿದುಕೊಳ್ಳುವುದಿದೆ, ನಾಯಕಿ ಪದ್ಮಿನಿಯ ಆಸೆಯ ಮಾತಿದೆ. ಚಿಕ್ಕವರಿಗೆ, ಓದಿಸುವ ಹೆಸರಲ್ಲಿ ಗಿಳಿಯನ್ನು ಪಂಜರದಲ್ಲಿಡುವುದನ್ನು ಗೇಲಿ ಮಾಡುವ ಬಿ.ವಿ. ಕಾರಂತರ ‘ಪಂಜರ ಶಾಲೆ’ ಸಾಕು; ಶಾಲೆಗೆ ಕಳಿಸದವರ ಮನೆಯಲ್ಲಿ ಅದಕ್ಕೆ ಚಪ್ಪಾಳೆ ತುಸು ಜೋರೇ.

ನಾಟಕಕ್ಕೆ ಮುಂಚಿನ ವಾರ ಪುಸ್ತಕ ಹಿಡಿದು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುತ್ತೇವೆ. ಮೊದಲು ಕಥೆ ನಡೆಸುವ ಭಾಗವತನ ಗಣೇಶ ಸ್ತುತಿ. ಆನೆಯ ತಲೆಯಿದ್ದೂ ಅವನು ಪೂಜೆಗೊಳ್ಳುವ ದೇವರು, ಕುದುರೆಯ ತಲೆಯ ಹಯವದನ ಮಾತ್ರ ಅಪೂರ್ಣನೆಂದು ಅಳುವುದೇಕೆ? ಪ್ರಶ್ನೆ ಕೇಳಿ ಹಾಗೇ ಬಿಡುತ್ತೇವೆ. ಆಮೇಲೆ ಗೆಳೆಯರಾದ ದೇವದತ್ತ, ಕಪಿಲ, ದೇವದತ್ತನ ಹೆಂಡತಿ ಪದ್ಮಿನಿಯರ ಭಾಗ; ಕಾಳಿಯ ಗುಡಿ ಬರುತ್ತಿದ್ದಂತೆ ಪುಸ್ತಕ ಮುಚ್ಚಬೇಕು. ಗೆಳೆಯರಿಬ್ಬರೂ ಕಡಿದುಕೊಂಡ ತಲೆಗಳು ಪದ್ಮಿನಿಯ ಕೈಯಲ್ಲಿ ಅದಲುಬದಲಾಗುವುದನ್ನು ಮೊದಲೇ ಹೇಳಿಬಿಟ್ಟರೆ ರಂಗದ ಮೇಲೆ ಆ ಗಳಿಗೆ ಸಪ್ಪೆಯಾಗುತ್ತದೆ. ಆದರೆ ಏನೂ ತಯಾರಿಯಿಲ್ಲದಿದ್ದರೆ ಅಲ್ಲಿಂದ ಮುಂದೆ ಯಾರು ಯಾರೆಂದೇ ತಿಳಿಯದೆ ಮಕ್ಕಳು ಕೈಚೆಲ್ಲುತ್ತಾರೆ. ಅದಕ್ಕೆ ರಟ್ಟಿನಲ್ಲಿ ಎರಡು ಮುಖವಾಡ: ದೇವದತ್ತನಿಗೆ ಬಿಳಿಚು ಬಣ್ಣ, ಕಪಿಲನಿಗೆ ಕಪ್ಪು. ಓದುವಾಗ ಅವನ್ನೇ ಕಟ್ಟಿಕೊಳ್ಳುತ್ತಾರೆ. ಈ ನಾಟಕದಲ್ಲೂ ಬರುವ ಯಕ್ಷಗಾನದ ಅರ್ಧ ತೆರೆ ಗೊತ್ತಿಲ್ಲದವರಿಗೆ ಇಬ್ಬರು ಪಂಚೆ ಹಿಡಿದು, ಮೂರನೆಯವರು ಹಿಂದಿನಿಂದ ಮೊದಲು ಪಾದ, ಆಮೇಲೆ ತಲೆ ತೋರಿಸಿದರೆ ಸಾಕು.

ಬೆಂಗಳೂರಿನ ನಾಟಕಮಂದಿರ ರಂಗಶಂಕರದಲ್ಲಿ ಆಟ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ಜೆ.ಪಿ. ನಗರದ ಸಂಜೆಯ ಟ್ರಾಫಿಕ್ ನೆನಪಿಟ್ಟು ಮುಕ್ಕಾಲು ಗಂಟೆ ಮೊದಲೇ ತಲುಪಿ. ಆಸನಗಳು ಮೆಟ್ಟಿಲು ಮೆಟ್ಟಿಲಾಗಿರುವುದರಿಂದ ನಡುವಿನ ಸಾಲಿನಿಂದಲೂ ಚೆನ್ನಾಗಿ ಕಾಣುತ್ತದೆ. ಸಾಲಿನ ತುದಿ ಹಿಡಿದರೆ ಶೌಚಕ್ಕೆ ಎದ್ದು ಹೋಗಲು ಯಾರ ಕಾಲೂ ತುಳಿಯಬೇಕಿಲ್ಲ. ದೀಪ ಪೂರ್ತಿ ಆರುತ್ತದೆ, ಚೆಂಡೆ ಥಟ್ಟನೆ ಮೊಳಗಬಹುದು ಎಂದು ಮೊದಲ ಸಲ ಬರುವವರಿಗೆ ಹೇಳಿಡಿ.

ವಾಪಸು ಬರುವಾಗ ಪ್ರಶ್ನೆ ಕೇಳುವುದಿಲ್ಲ, ಪರೀಕ್ಷೆಯ ವಾಸನೆ ಬಂದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಮರುದಿನ ಮುಖವಾಡ ಅದಲುಬದಲು ಮಾಡಿ ಕಟ್ಟಿಕೊಂಡು, ತಲೆ ಯಾರದೋ ಅವನೇ ಗಂಡ ಎಂಬ ಋಷಿಯ ತೀರ್ಪಿನ ಮೇಲೆ ಜಗಳ. ದೊಡ್ಡ ಮಕ್ಕಳು ಕಪಿಲನ ಪರವಾಗಿ ಒಂದು ಪುಟದ ಮೇಲ್ಮನವಿ ಬರೆಯುತ್ತಾರೆ. ಆಮೇಲಷ್ಟೇ ಉಳಿದ ಭಾಗದ ಓದು, ಕೈಯಲ್ಲಿ ಪೆನ್ಸಿಲ್: ನಿರ್ದೇಶಕರು ಎಲ್ಲಿ ಕತ್ತರಿಸಿದರು, ಮಾತಾಡುವ ಗೊಂಬೆಗಳನ್ನು ಹೇಗೆ ತಂದರು. ಇಡೀ ಕಸರತ್ತಿನಲ್ಲಿ ಹೆಚ್ಚು ಕಲಿಸುವುದು ಈ ಹೋಲಿಕೆಯೇ.

ಬೆಂಗಳೂರಿನಿಂದ ದೂರ ಇರುವವರು 1985ರಿಂದ ಊರೂರು ಸುತ್ತುತ್ತಿರುವ, ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ನಾಟಕ ತಂಡ ‘ತಿರುಗಾಟ’ ಯಾವ ನಾಟಕ ತಂದರೂ ಇದೇ ಕ್ರಮದಲ್ಲಿ ಓದಿಕೊಂಡು ಹೋಗಬಹುದು. ಊರಿನ ಸಭಾಭವನಗಳ ನೆಲ ಸಮತಟ್ಟು, ಕುರ್ಚಿಯಲ್ಲಿ ಕೂತ ಮಗುವಿಗೆ ರಂಗ ಕಾಣದು. ಮೊದಲ ಸಾಲಿನ ಮುಂದೆ ಜಮಖಾನೆ ಹಾಸಲು ಸಂಘಟಕರನ್ನು ಮುಂಚೆಯೇ ಕೇಳಿಕೊಳ್ಳಿ.