ಮತಪೆಟ್ಟಿಗೆಯಲ್ಲಿ ಮೂರು ಚೀಟಿ ಹೆಚ್ಚು ಬಂದವು

ಜೂನ್ ಮೊದಲ ವಾರ ನಮ್ಮ ಶಾಲೆಗೆ ಬಂದರೆ ಎಂಟನೇ ತರಗತಿಯ ಮಕ್ಕಳು ಯಾರು ಅಂತ ಯಾರೂ ಹೇಳಬೇಕಾಗಿಲ್ಲ. ಗೋಡೆಗೆ ಅಂಟಿಕೊಂಡು ನಿಂತಿರುತ್ತಾರೆ. ಮಂಡ್ಯ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ ನಮ್ಮದು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಊರು. ಸುತ್ತಲಿನ ಏಳೆಂಟು ಹಳ್ಳಿಗಳಲ್ಲಿ ಏಳನೇ ತರಗತಿ ಮುಗಿಸಿದ ಮಕ್ಕಳೆಲ್ಲ ಇಲ್ಲಿಗೇ ಬರಬೇಕು. ಅಲ್ಲಿ ಹತ್ತು ಹನ್ನೆರಡು ಮಕ್ಕಳ ಶಾಲೆಯಲ್ಲಿ ಎಲ್ಲರಿಗಿಂತ ದೊಡ್ಡವರಾಗಿದ್ದವರು ಇಲ್ಲಿ ಒಂದೇ ದಿನಕ್ಕೆ ಎಲ್ಲರಿಗಿಂತ ಚಿಕ್ಕವರಾಗಿಬಿಡುತ್ತಾರೆ. ನಲ್ಲಿ ಹತ್ತಿರ ಹಿಂದೆ, ಊಟದ ಸಾಲಿನಲ್ಲಿ ಹಿಂದೆ, ಬಸ್ಸಿನ ಬಾಗಿಲಲ್ಲೂ ಹಿಂದೆ.

ಪ್ರಾರಂಭೋತ್ಸವ ಚೆನ್ನಾಗಿಯೇ ನಡೆಯುತ್ತದೆ. ಮಾವಿನ ತೋರಣ, ಬಾಳೆಕಂದು, ಆರತಿ, ಕೇಸರಿಬಾತು, ಪಠ್ಯಪುಸ್ತಕ. ಮಾರನೇ ದಿನದಿಂದ ಸೇತುಬಂಧ ಶುರು. ಹಿಂದಿನ ವರ್ಷದ್ದು ಎಷ್ಟು ಉಳಿದಿದೆ ಅಂತ ಪರೀಕ್ಷೆ ಮಾಡಿ, ಬಾರದ್ದನ್ನು ಮತ್ತೆ ಹೇಳಿಕೊಟ್ಟು, ಕೊನೆಗೆ ಸಾಫಲ್ಯ ಪರೀಕ್ಷೆ. ಆ ದಿನಗಳಲ್ಲೇ ಶಾಲಾ ಸಂಸತ್ತೂ ರಚನೆಯಾಗಬೇಕು. ಸಮಾಜ ವಿಜ್ಞಾನದವಳು ಅಂತ ಆ ಜವಾಬ್ದಾರಿ ಮೊದಲಿಂದಲೂ ನನ್ನದು.

ಹಲವು ವರ್ಷ ಅದನ್ನು ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಮೂರು ನಾಲ್ಕು ಮಕ್ಕಳನ್ನು ಮುಂದೆ ನಿಲ್ಲಿಸಿ, ಇವನಿಗೆ ಯಾರು, ಇವಳಿಗೆ ಯಾರು ಅಂತ ಕೈ ಎತ್ತಿಸುವುದು. ಒಂದು ವರ್ಷ ಕೈ ಎಣಿಸುವಾಗ ಎಂಟನೇ ತರಗತಿಯ ಸಾಲನ್ನು ಸರಿಯಾಗಿ ನೋಡಿದೆ. ಮಕ್ಕಳು ಅಭ್ಯರ್ಥಿಗಳ ಕಡೆ ನೋಡುತ್ತಲೇ ಇರಲಿಲ್ಲ. ಪಕ್ಕದ ಸಾಲಿನ ಹತ್ತನೇ ತರಗತಿಯ ಹುಡುಗರ ಮುಖ ನೋಡಿ, ಆಮೇಲೆ ಕೈ ಎತ್ತುತ್ತಿದ್ದರು. ಒಬ್ಬ ಎತ್ತಿದ ಕೈಯನ್ನು ಅರ್ಧಕ್ಕೇ ಇಳಿಸಿಬಿಟ್ಟ. ಗುಪ್ತ ಮತದಾನದ ಪಾಠ ಮಾಡುವ ನಾನೇ ಹೀಗೆ ಮಾಡಿಸುತ್ತಿದ್ದೇನಲ್ಲ ಅಂತ ಆ ದಿನ ತುಂಬ ನೋವಾಯಿತು.

ಚುನಾವಣಾ ಕೆಲಸ ನಮ್ಮಂಥ ಶಿಕ್ಷಕರಿಗೆ ಹೊಸದಲ್ಲ. ಮೂರು ಸಲ ಎಪಿಆರ್‌ಒ, ಅಂದರೆ ಮತಗಟ್ಟೆಯ ಸಹಾಯಕ ಅಧ್ಯಕ್ಷಾಧಿಕಾರಿ, ಒಂದು ಸಲ ಪಿಆರ್‌ಒ, ಅಂದರೆ ಅಧ್ಯಕ್ಷಾಧಿಕಾರಿ ಆಗಿ ಹೋಗಿದ್ದೇನೆ. ಮಸ್ಟರಿಂಗ್ ದಿನ ಸಾಮಾನು ಎಣಿಸಿಕೊಳ್ಳುವುದು, ಬೆಳಿಗ್ಗೆ ಏಜೆಂಟರ ಮುಂದೆ ಅಣಕು ಮತದಾನ, 17ಎ ವಹಿಯಲ್ಲಿ ಮತದಾರರ ಸಹಿ, ಸಂಜೆ 17ಸಿ ನಮೂನೆಯಲ್ಲಿ ಬಿದ್ದ ಮತಗಳ ಲೆಕ್ಕ, ರಾತ್ರಿ ಡಿ-ಮಸ್ಟರಿಂಗ್, ಅಂದರೆ ಎಲ್ಲವನ್ನೂ ವಾಪಸ್ ಒಪ್ಪಿಸುವುದು. ಅದೇ ಕ್ರಮವನ್ನು ಶಾಲೆಯ ಅಳತೆಗೆ ಇಳಿಸಿದರಾಯಿತು ಅನ್ನಿಸಿತು. ಈಗ ಬಹಳ ಶಾಲೆಗಳಲ್ಲಿ ಮೊಬೈಲ್ ಆ್ಯಪ್ ಇಟ್ಟುಕೊಂಡು ಮತಯಂತ್ರದ ಹಾಗೆ ಮಾಡುತ್ತಾರೆ. ಮಕ್ಕಳಿಗೆ ಅದು ಖುಷಿಯೂ ಹೌದು. ನಾನು ಕಾಗದವನ್ನೇ ಆರಿಸಿಕೊಂಡೆ. ತಾವು ಮಡಿಸಿ ಹಾಕಿದ ಚೀಟಿ ತಮ್ಮ ಕಣ್ಣೆದುರೇ ಬಿಚ್ಚಿಕೊಳ್ಳುವುದನ್ನು ಮಕ್ಕಳು ನೋಡಬೇಕು ಅನ್ನುವುದು ನನ್ನ ಆಸೆ.

ಮತದಾರರ ಪಟ್ಟಿ ಹಾಜರಾತಿ ಪುಸ್ತಕದಿಂದ ಆಯಿತು. ತಿದ್ದುಪಡಿ ಎಲ್ಲ ಮುಗಿದ ಮೇಲೆ ಎಂಟನೇ ತರಗತಿ 71, ಒಂಬತ್ತನೆಯದು 74, ಹತ್ತು 67, ಒಟ್ಟು 212. ಪಟ್ಟಿಯನ್ನು ಮೂರು ದಿನ ನೋಟಿಸ್ ಬೋರ್ಡಿಗೆ ಅಂಟಿಸಿ, ಹೆಸರು ತಪ್ಪಿದ್ದರೆ ತಿದ್ದಿಸಿಕೊಳ್ಳಿ ಅಂದೆ. ತಡವಾಗಿ ಟಿಸಿ ತಂದು ಸೇರಿದ್ದ ಎಂಟನೆಯ ಇಬ್ಬರ ಹೆಸರು ಬಿಟ್ಟುಹೋಗಿತ್ತು. ಅವರಾಗಿಯೇ ಸ್ಟಾಫ್ ರೂಮಿಗೆ ಬಂದು ಕೇಳಿದರು. ಗೋಡೆಗೆ ಅಂಟಿಕೊಂಡಿದ್ದವರು ಗೋಡೆ ಬಿಟ್ಟು ಬಂದ ಮೊದಲ ದಿನ ಅದು.

ಮುಖ್ಯಮಂತ್ರಿ ಸ್ಥಾನಕ್ಕೆ ಇಡೀ ಶಾಲೆ ಮತ ಹಾಕಬೇಕು, ಮಿಕ್ಕ ಮಂತ್ರಿಗಳನ್ನು ಆಯಾ ತರಗತಿಯವರು ಆರಿಸಿ ಕಳಿಸಬೇಕು ಅಂತ ಗೊತ್ತು ಮಾಡಿದೆವು. ಆಹಾರ ಖಾತೆ ಮಾತ್ರ ಎಂಟನೇ ತರಗತಿಗೇ ಮೀಸಲು. ಸ್ಟಾಫ್ ಮೀಟಿಂಗಿನಲ್ಲಿ ಇದಕ್ಕೆ ವಿರೋಧ ಬಂತು. ಅಷ್ಟು ಚಿಕ್ಕವರ ಕೈಯಲ್ಲಿ ಆಗುತ್ತದಾ ಅಂದರು. ಸಾಲಿನಲ್ಲಿ ಕೊನೆಗೆ ನಿಂತವರಿಗೇ ಸಾಲಿನ ಕಷ್ಟ ಗೊತ್ತು ಅನ್ನುವುದು ನನ್ನ ವಾದ. ಹೆಚ್‌ಎಂ, ಅಂದರೆ ಮುಖ್ಯ ಶಿಕ್ಷಕರು, ಒಪ್ಪಿದರು.

ಚಿಹ್ನೆ ಹಂಚುವುದೇ ಒಂದು ದಿನ ಹಿಡಿಯಿತು. ಯಾವ ಪಕ್ಷದ ಚಿಹ್ನೆಯೂ ಬೇಡ ಅಂದಿದ್ದೆ. ಒಬ್ಬ ಕಹಳೆ ಕೇಳಿದ. 2019ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ಊರೂರಲ್ಲೂ ಕಹಳೆ ಊದುವ ರೈತನ ಚಿತ್ರ ಇತ್ತಲ್ಲ, ಅದೂ ಬೇಡ ಅಂದೆ. ಕೊನೆಗೆ ಬೆಲ್ಲದ ಅಚ್ಚು, ಕೊಡೆ, ಕಬ್ಬಿನ ಜಲ್ಲೆ ಉಳಿದವು.

ಕಣದಲ್ಲಿ ಮೂವರು. ಹತ್ತನೇ ತರಗತಿಯ ಒಬ್ಬ ಹುಡುಗಿ, ಒಬ್ಬ ಹುಡುಗ, ಒಂಬತ್ತನೇ ತರಗತಿಯ ಇನ್ನೊಬ್ಬ ಹುಡುಗ. ಪ್ರಚಾರಕ್ಕೆ ಮೊದಲು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಕೊಡುವ ಭರವಸೆ ಏನು, ಅದನ್ನು ಯಾರು ಮಾಡುತ್ತಾರೆ, ಯಾರ ಅನುಮತಿ ಬೇಕು, ಎಷ್ಟು ದಿನ ಹಿಡಿಯುತ್ತದೆ ಅಂತ ಬರೆಸಿದೆ. ಇದನ್ನು ಬೇರೆ ಶಾಲೆಯವರೂ ಮಾಡಲೇಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಹತ್ತನೆಯ ಹುಡುಗ ಈಜುಕೊಳ ಅಂತ ಬರೆದಿದ್ದ, ನಾಲ್ಕು ಪ್ರಶ್ನೆ ಮುಗಿಯುವಷ್ಟರಲ್ಲಿ ಅದು ವಾಲಿಬಾಲ್ ನೆಟ್ ಆಗಿತ್ತು. ಹುಡುಗಿಯದು ಎರಡೇ ಸಾಲು: ವಾಚನಾಲಯದ ಬೀರುವಿನ ಬೀಗ ವಾರಕ್ಕೆ ಎರಡು ದಿನ ತೆಗೆಯಬೇಕು, ಆಟದ ಪಿರಿಯಡ್ಡಿನಲ್ಲಿ ಹುಡುಗಿಯರಿಗೂ ಮೈದಾನ ಬೇಕು. ಒಂಬತ್ತನೆಯವನು ಬಸ್ಸು ಅಂತ ಒಂದೇ ಮಾತು ಬರೆದಿದ್ದ.

"ಬಸ್ಸು ಬತ್ತದೆ ಮಿಸ್, ನಿಲ್ಸಕ್ಕಿಲ್ಲ," ಅಂದ. ಬೆಳಿಗ್ಗೆ 8:50ರ ಬಸ್ಸು ಅವನ ಊರಿನ ಗೇಟಿನ ಹತ್ತಿರ ತುಂಬಿಕೊಂಡು ಬಂದು ಹಾಗೇ ಹೋಗಿಬಿಡುತ್ತದೆ. ಮಕ್ಕಳು ಎರಡೂವರೆ ಕಿಲೋಮೀಟರು ನಡೆದು ಬರುತ್ತಾರೆ, ಮೊದಲ ಪಿರಿಯಡ್ ತಪ್ಪುತ್ತದೆ. ನೀನು ಬಸ್ಸು ನಿಲ್ಲಿಸೋಕಾಗುತ್ತದಾ ಅಂತ ಕೇಳಿದೆ. ತಲೆ ಬಗ್ಗಿಸಿದ. ಆಗ ಅವನಿಗೆ ಪಾಠದ್ದೇ ಒಂದು ವಿಷಯ ನೆನಪಿಸಿದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆಗೂ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಜನರ ಅಹವಾಲನ್ನು ದಿವಾನರ ಮುಂದೆ ಇಡುವುದೇ ಅದರ ಕೆಲಸ. ಅಹವಾಲಿಗೆ ಬಲ ಬರಬೇಕಾದರೆ ಕೈಯಲ್ಲಿ ಲೆಕ್ಕ ಇರಬೇಕು ಅಂದೆ. ಮಾರನೇ ದಿನವೇ ನಲವತ್ತು ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು, ಬಸ್ಸು ಬಂದ ಹೊತ್ತು, ನಿಂತಿತೋ ಇಲ್ಲವೋ, ಎಷ್ಟು ಮಕ್ಕಳು ಉಳಿದರು ಅಂತ ನಾಲ್ಕು ಗೀಟು ಹಾಕಿಕೊಂಡು ಬಂದ.

ಮತದಾನದ ದಿನ ಮಕ್ಕಳು ಕೇಳಿದ್ದು ಶಾಯಿ. ಮತದಾರರ ಬೆರಳಿಗೆ ಹಾಕುವ ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮ ಪಕ್ಕದ ಮೈಸೂರಿನಲ್ಲಿ ಅಂತ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಲ್ವಡಿಯವರು 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುಮಾಡಿದ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್, 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಈ ಶಾಯಿ ಕೊಡುತ್ತಿದೆ. ಅದು ಅಂಗಡಿಯಲ್ಲಿ ಮಾರುವ ಸಾಮಾನಲ್ಲ. ನಮಗೆ ಸ್ಟ್ಯಾಂಪ್ ಪ್ಯಾಡಿನ ನೇರಳೆ ಶಾಯಿಯೇ ಗತಿ.

ಆದರೆ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಒಳ್ಳೆಯ ಕೆಲಸ ಮಾಡಿದರು. ಆ ಶಾಯಿಯ ಜೀವ ಇರುವುದು ಸಿಲ್ವರ್ ನೈಟ್ರೇಟಿನಲ್ಲಿ. ಲ್ಯಾಬಿನಲ್ಲಿದ್ದ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಎರಡು ಹನಿ ಉಪ್ಪುನೀರು ಬಿಟ್ಟರು. ಹಾಲು ಒಡೆದ ಹಾಗೆ ಬೆಳ್ಳಗೆ ಗರಣೆಗಟ್ಟಿತು. ಅದನ್ನು ಎರಡು ತಟ್ಟೆಗೆ ಹಂಚಿ, ಒಂದನ್ನು ಬೀರುವಿನೊಳಗೆ, ಇನ್ನೊಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟರು. ಮಕ್ಕಳು ಕಿಟಕಿಗೆ ಮುತ್ತಿಕೊಂಡರು. ನೋಡನೋಡುತ್ತ ಬಿಳುಪು ಮಾಸಿ, ಬೂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ನೇರಳೆ ಛಾಯೆ ಬಂತು. ಬೀರುವಿನೊಳಗಿನದು ಬೆಳ್ಳಗೇ ಇತ್ತು. ಚರ್ಮದ ಮೇಲಿನ ಉಪ್ಪಿನಂಶ ಸೇರಿ, ಬೆಳಕು ಬಿದ್ದು, ಬೆರಳಿನ ಮೇಲೂ ಇದೇ ಆಗುತ್ತದೆ, ಉಗುರು ಬೆಳೆದು ಕತ್ತರಿಸುವವರೆಗೂ ಅಲ್ಲಿ ಗುರುತು ಉಳಿಯುತ್ತದೆ ಅಂತ ಅವರು ಹೇಳಿದಾಗ ಒಂದೊಂದು ಮಗುವೂ ತನ್ನ ಎಡಗೈ ತೋರುಬೆರಳು ನೋಡಿಕೊಂಡಿತು. ಹತ್ತನೇ ತರಗತಿ ಪುಸ್ತಕದ ಮೊದಲ ಪಾಠದಲ್ಲಿ ಸಿಲ್ವರ್ ಕ್ಲೋರೈಡಿನ ಸಮೀಕರಣ ಇದೆ. ಆ ವರ್ಷ ಅದನ್ನು ಯಾರಿಗೂ ಬಾಯಿಪಾಠ ಮಾಡಿಸಬೇಕಾಗಲಿಲ್ಲ.

ಮತಗಟ್ಟೆ ನಮ್ಮ ಕಂಪ್ಯೂಟರ್ ರೂಮು. ಬೆಂಚಿನ ಮೇಲೆ ರಟ್ಟಿನ ಮರೆ, ಸೀಲಿಗೆ ಬದಲು ಸ್ಕೆಚ್ ಪೆನ್ನು, ಪೆಟ್ಟಿಗೆಗೆ ಬಿಸ್ಕತ್ತಿನ ಹಳೆಯ ಡಬ್ಬ. ಒಂಬತ್ತನೇ ತರಗತಿಯವರೇ ಮತಗಟ್ಟೆ ಅಧಿಕಾರಿಗಳು. ಎಂಟನೇ ತರಗತಿಯ ಒಂದು ಹುಡುಗಿ ಮರೆಯ ಹಿಂದೆ ಹೋದವಳು ಈಚೆ ಬರಲೇ ಇಲ್ಲ. ಏನಾಯ್ತವ್ವ ಅಂದರೆ, "ನಂಗಿಷ್ಟ ಬಂದೋರ್ಗೇ ಹಾಕ್ಬೋದಾ ಮಿಸ್? ಯಾರ್ಗೂ ಗೊತ್ತಾಗಕ್ಕಿಲ್ವಾ?" ಅಂತ ಅಲ್ಲಿಂದಲೇ ಕೇಳಿದಳು. ನನಗೂ ಗೊತ್ತಾಗುವುದಿಲ್ಲ ಅಂದೆ. ಸ್ವಲ್ಪ ಹೊತ್ತಿಗೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ತಂದು ಹಾಕಿದಳು.

ಎಣಿಕೆ ಮೈದಾನದಲ್ಲಿ, ಎಲ್ಲರ ಎದುರಿಗೆ. ಹುಡುಗಿಗೆ 78, ಒಂಬತ್ತನೆಯವನಿಗೆ 76, ಹತ್ತನೆಯ ಹುಡುಗನಿಗೆ 43, ಕುಲಗೆಟ್ಟವು 4. ಚಪ್ಪಾಳೆ ಶುರುವಾಗಿತ್ತು. ಅಭ್ಯಾಸಬಲದಿಂದ ವಹಿ ತೆಗೆದು ಕೂಡಿ ನೋಡಿದೆ. ಸಹಿ ಹಾಕಿದವರು 198, ಚೀಟಿ 201.

ತಪ್ಪು ನನ್ನದು. ಮಂಡ್ಯದಲ್ಲಿ 60 ಹಾಳೆ ಜೆರಾಕ್ಸ್ ಮಾಡಿಸಿದ್ದೆ, ಹಾಳೆಗೆ ನಾಲ್ಕರಂತೆ 240 ಚೀಟಿ. ಚೀಟಿಯ ಹಿಂದೆ ಸಹಿ ಹಾಕಿರಲಿಲ್ಲ. ಉಳಿದ ಚೀಟಿಯ ಕಟ್ಟನ್ನು ಊಟದ ಹೊತ್ತಿನಲ್ಲಿ ಮೇಜಿನ ಮೇಲೇ ಬಿಟ್ಟು ಹೋಗಿದ್ದೆ. ಚುನಾವಣಾ ಡ್ಯೂಟಿಯಲ್ಲಿ ಒಂದು ಕಾಗದವನ್ನೂ ಲೆಕ್ಕವಿಲ್ಲದೆ ಬಿಡದವಳು, ಮಕ್ಕಳದ್ದು ಅಂತ ಬಿಟ್ಟಿದ್ದೆ. ಅಂತರ ಎರಡು, ಹೆಚ್ಚು ಬಂದ ಚೀಟಿ ಮೂರು. ಫಲಿತಾಂಶ ನಿಲ್ಲುವ ಹಾಗಿರಲಿಲ್ಲ.

ಯಾರು ಹಾಕಿದ್ದು ಅಂತ ಹುಡುಕೋಣ ಅಂದವರೂ ಇದ್ದರು, ಮಕ್ಕಳ ಆಟ, ಬಿಡಿ ಅಂದವರೂ ಇದ್ದರು. ನನಗೆ ಎರಡೂ ಬೇಡವಾಗಿತ್ತು. ಅಷ್ಟರಲ್ಲಿ ಗೆದ್ದ ಹುಡುಗಿಯೇ ಎದ್ದು ಬಂದಳು. "ಇನ್ನೊಂದ್ಸಲ ಮಾಡ್ಬುಡಿ ಮಿಸ್. ಇಲ್ದಿದ್ರೆ ವರ್ಷಪೂರ್ತಿ ಕಳ್ಳವೋಟು ಅಂತಾರೆ."

ಮಾರನೇ ದಿನ ಮರುಮತದಾನ. 212 ಚೀಟಿ ಎಣಿಸಿ, ಪ್ರತಿಯೊಂದರ ಹಿಂದೆ ನನ್ನ ಸಹಿ ಹಾಕಿದೆ. ಮೂರೂ ಅಭ್ಯರ್ಥಿಗಳ ಏಜೆಂಟರು ಖಾಲಿ ಡಬ್ಬ ನೋಡಿ, ಬಾಯಿಗೆ ಕಾಗದ ಅಂಟಿಸಿ ಸಹಿ ಮಾಡಿದರು. ಹಿಂದಿನ ದಿನ ಬಾರದಿದ್ದ ಕೆಲವರೂ ಅವತ್ತು ಬಂದಿದ್ದರು. 203 ಸಹಿ, 203 ಚೀಟಿ, ಉಳಿದ 9 ಲಕೋಟೆಯಲ್ಲಿ. ಒಂಬತ್ತನೆಯವನಿಗೆ 89, ಹುಡುಗಿಗೆ 81, ಇನ್ನೊಬ್ಬನಿಗೆ 31, ಕುಲಗೆಟ್ಟವು 2.

ಅವಳು ಸೋತಳು. ವಾಚನಾಲಯದ ಬೀರುವಿನ ಪಕ್ಕ ನಿಂತು ಅತ್ತಳು. ಮರುಮತದಾನ ಕೇಳಿದ್ದು ತಪ್ಪಾಯ್ತಾ ಅಂತ ನನ್ನನ್ನು ಕೇಳಲಿಲ್ಲ, ನಾನೂ ಸಮಾಧಾನದ ಮಾತು ಆಡಲಿಲ್ಲ. ಪಕ್ಕದಲ್ಲಿ ನಿಂತಿದ್ದೆ ಅಷ್ಟೆ. ಆ ಬೀರುವಿನ ಬೀಗದ ಕೈ ಅವತ್ತು ಸಂಜೆಯೇ ಹೆಚ್‌ಎಂ ಅವಳ ಕೈಗೆ ಕೊಟ್ಟರು. ವಿರೋಧ ಪಕ್ಷದ ನಾಯಕಿ ಅಂತ ಅವಳ ಹೆಸರೂ ಪಟ್ಟಿಗೆ ಸೇರಿತು.

ಪ್ರಮಾಣವಚನ, ಖಾತೆ ಹಂಚಿಕೆ ಎಲ್ಲ ಕಡೆ ಆಗುವ ಹಾಗೆ ಆಯಿತು. ಆಹಾರ ಮಂತ್ರಿಯಾದ ಎಂಟನೇ ತರಗತಿಯ ಹುಡುಗ ಮೊದಲ ವಾರದಲ್ಲೇ ಊಟದ ಸಾಲು ಬದಲಿಸಿದ. ಒಂದು ದಿನ ಎಂಟನೆಯವರು ಮೊದಲು, ಮಾರನೇ ದಿನ ಒಂಬತ್ತು, ಆಮೇಲೆ ಹತ್ತು. ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ ಇವತ್ತು ಯಾರ ಸರದಿ ಅಂತ ಸೀಮೆಸುಣ್ಣದಲ್ಲಿ ಬರೆಯುತ್ತಾನೆ. ಮೊಟ್ಟೆಯ ದಿನ ಕೊನೆಯ ಸಾಲಿನವರಿಗೆ ಚಿಕ್ಕ ಮೊಟ್ಟೆ ಬರುತ್ತದೆ ಅನ್ನುವ ದೂರನ್ನೂ ಅವನೇ ತಂದ. ಅಡುಗೆಯವರ ಜೊತೆ ಅವನೇ ಮಾತಾಡಿದ. ಈಗ ಮೊಟ್ಟೆಗಳನ್ನು ಒಟ್ಟಿಗೆ ಬುಟ್ಟಿಗೆ ಹಾಕಿ ಕಲಸಿ ಹಂಚುತ್ತಾರೆ.

ಸಂಸತ್ತು ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಸೇರುತ್ತದೆ. ಮೊದಲ ಅಧಿವೇಶನದಲ್ಲೇ ವಿರೋಧ ಪಕ್ಷದ ನಾಯಕಿ ಎದ್ದು, ಬಸ್ಸು ಅಂದ್ರಲ್ಲ, ಎಲ್ಲಿಗೆ ಬಂತು ಅಂತ ಕೇಳಿದಳು. ಮುಖ್ಯಮಂತ್ರಿ ನೋಟ್‌ಬುಕ್ ಬಿಚ್ಚಿದ. ಶಾಲೆ ನಡೆದ ಹದಿನೈದು ದಿನದಲ್ಲಿ ಒಂಬತ್ತು ದಿನ ಬಸ್ಸು ನಿಂತಿಲ್ಲ. ಆ ಲೆಕ್ಕವನ್ನೇ ನಕಲು ಮಾಡಿ, ಹೆಚ್‌ಎಂ ಸಹಿ ಹಾಕಿಸಿ, ಸಾರಿಗೆಯವರಿಗೆ ಅರ್ಜಿ ಕಳಿಸಿದೆವು. ಎರಡು ವಾರ ಉತ್ತರ ಇಲ್ಲ. ಅವಳು ಮತ್ತೆ ಕೇಳಿದಳು. ಎರಡನೇ ಅರ್ಜಿಗೆ ಎರಡು ವಾರದ ಹೊಸ ಲೆಕ್ಕ ಸೇರಿಸಿದೆವು, ಈ ಸಲ ನಾಯಕಿಯ ಸಹಿಯೂ ಅದರಲ್ಲಿತ್ತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ತಾವೇ ತೆಗೆದುಕೊಂಡು ಹೋಗಿ ಕೊಟ್ಟು ಬಂದರು.

ಆಗಸ್ಟಿನಲ್ಲಿ ಬಸ್ಸು ನಿಲ್ಲಲು ಶುರುವಾಯಿತು, ದಿನವೂ ಅಲ್ಲ. ನೋಟ್‌ಬುಕ್ಕನ್ನು ಈಗ ಎಂಟನೇ ತರಗತಿಯ ಒಬ್ಬಳು ಬರೆಯುತ್ತಾಳೆ, ಅವಳೂ ಅದೇ ಗೇಟಿನಲ್ಲಿ ಹತ್ತುವವಳು. ಶನಿವಾರದ ಸಭೆಗೆ ಮೊದಲು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಾಳೆ. ಕೊನೆಯ ಪುಟದಲ್ಲಿ ನಿನ್ನೆಯದು ಹೀಗಿದೆ: 8:54, ನಿಂತಿತು, ಇಬ್ಬರು ಉಳಿದರು.