ಸೋರುವ ಮಾಡು ಮತ್ತು 42–27: ಮಿಷಿಗನ್–ಒಹಾಯೋ ಸ್ಟೇಟ್ ಮುನ್ನೋಟ ಬರೆದ ನನ್ನ ಅನುಭವ

2021ರ ನವೆಂಬರ್ 27ರ ಮಿಷಿಗನ್–ಒಹಾಯೋ ಸ್ಟೇಟ್ ಪಂದ್ಯಕ್ಕೆ (ಅಮೆರಿಕದ ಕಾಲೇಜು ಫುಟ್‌ಬಾಲ್) ಎರಡು ದಿನ ಮೊದಲು, ಥ್ಯಾಂಕ್ಸ್‌ಗಿವಿಂಗ್ ಗುರುವಾರದ ಬೆಳಿಗ್ಗೆ, ನಮ್ಮ ಹದಿನೈದು ಹದಿನಾರು ಜನ ಗೆಳೆಯರಿಗೆ ನಾನು ಕಳಿಸಿದ ಮುನ್ನೋಟದಲ್ಲಿ ಮಿಷಿಗನ್ 37, ಒಹಾಯೋ ಸ್ಟೇಟ್ 30 ಎಂದು ಬರೆದಿದ್ದೆ. ಹಿಂದಿನ ಶನಿವಾರವಷ್ಟೇ ಒಹಾಯೋ ಸ್ಟೇಟ್ ತಂಡ ಮಿಷಿಗನ್ ಸ್ಟೇಟನ್ನು 56–7ರಿಂದ ಸೋಲಿಸಿತ್ತು, ಅರ್ಧ ಆಟ ಮುಗಿಯುವಾಗಲೇ ಅಂಕ 49–0 ಆಗಿತ್ತು. ಅದೇ ಮಿಷಿಗನ್ ಸ್ಟೇಟಿನ ಎದುರು ನಮ್ಮ ಮಿಷಿಗನ್ 37–33ರಿಂದ ಸೋತಿತ್ತು. ಆದುದರಿಂದ ನನ್ನ ಮುನ್ನೋಟವನ್ನು ಯಾರೂ ನಂಬಲಿಲ್ಲ. ಒಹಾಯೋ ಸ್ಟೇಟ್ ತಂಡದ ಊರಾದ ಕೊಲಂಬಸ್ಸಿನಲ್ಲಿ ಓದಿ ಅಲ್ಲಿಯೇ ನೆಲೆಸಿರುವ ಹಾಸನದ ಗೆಳೆಯನೊಬ್ಬ ಮಧ್ಯಾಹ್ನದೊಳಗೇ ಫೋನ್ ಮಾಡಿ, "ಅಣ್ಣಾ, ಎಂಟು ಸಲ ಸತತವಾಗಿ ಸೋತವರು ನೀವು, ಈ ಸಲವೂ ಅಭಿಮಾನವನ್ನೇ ಲೆಕ್ಕ ಅಂತ ಬರೆದಿದ್ದೀರಿ" ಎಂದ. ಅದು ಅಭಿಮಾನವಲ್ಲ, ಲೆಕ್ಕವೇ ಎಂದು ನಾನು ಹೇಳಿದ್ದಕ್ಕೆ ಅವನು ಒಪ್ಪಲಿಲ್ಲ. ಆ ಲೆಕ್ಕ ಹೇಗೆ ಕೈಗೆ ಬಂತು, ಅದಕ್ಕಾಗಿ ಎಷ್ಟು ಹಣ ಮತ್ತು ಎಷ್ಟು ಶನಿವಾರಗಳು ಹೋದವು ಎಂಬುದನ್ನು, ನನ್ನಂತೆಯೇ ಪ್ರತಿ ವಾರ ಮುನ್ನೋಟ ಬರೆಯುವವರಿಗಾಗಿ ಇಲ್ಲಿ ದಾಖಲಿಸುತ್ತಿದ್ದೇನೆ. ಡೌನ್ (ಚೆಂಡನ್ನು ಮುಂದೊಯ್ಯುವ ಒಂದು ಯತ್ನ), ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಆ ಯತ್ನ ಶುರು ಮಾಡುವುದು), ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶಗಳ ಪಟ್ಟಿ) ಇವುಗಳನ್ನು ಇದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ.

ಮೊದಲು 2018ರ ಮಾತು ಹೇಳಬೇಕು, ಏಕೆಂದರೆ ನಾನು ಕಲಿತದ್ದೆಲ್ಲ ಆ ಸೋಲಿನಿಂದ. ಆ ವರ್ಷ ಮಿಷಿಗನ್ ದೇಶದ ತಂಡಗಳ ಪಟ್ಟಿಯಲ್ಲಿ 4ನೆಯ ಸ್ಥಾನದಲ್ಲಿತ್ತು, ಪಂದ್ಯ ಕೊಲಂಬಸ್ಸಿನಲ್ಲಿದ್ದರೂ ಬಾಜಿ ಕಟ್ಟುವವರು ಮಿಷಿಗನ್ನಿನ ಕಡೆಗೇ ವಾಲಿದ್ದರು. ನಮ್ಮ ರಕ್ಷಣಾ ಪಡೆ ಪ್ರತಿ ಪಂದ್ಯಕ್ಕೆ ಬಿಟ್ಟುಕೊಡುವ ಯಾರ್ಡುಗಳ ಲೆಕ್ಕದಲ್ಲಿ ದೇಶದ ಅಗ್ರಸಾಲಿನಲ್ಲಿತ್ತು. ಒಹಾಯೋ ಸ್ಟೇಟ್ ಪರ್ಡೂ ಎದುರು 49–20ರಿಂದ ಸೋತಿತ್ತು, ಹಿಂದಿನ ವಾರ ಮೇರಿಲ್ಯಾಂಡ್ ಎದುರು ಓವರ್‌ಟೈಮಿನಲ್ಲಿ 52–51ರಿಂದ ಬದುಕಿ ಬಂದಿತ್ತು. ನಾನು ಈ ಒಟ್ಟು ಮೊತ್ತಗಳನ್ನೇ ನಂಬಿ ಮಿಷಿಗನ್ 31–20 ಎಂದು ಬರೆದೆ. ಅಷ್ಟೇ ಅಲ್ಲದೆ, ಆಟಗಾರರಿಗೆ ಅಂಕ ಕೊಡುವ ಸೇವೆಯೊಂದಕ್ಕೆ ವರ್ಷಕ್ಕೆ 200 ಡಾಲರಿನಷ್ಟು ಕಟ್ಟಿದ್ದೆ, ಟಿಕೆಟಿಗೆ 240 ಡಾಲರ್ ಕೊಟ್ಟು, ಮೂರು ಗಂಟೆ ಕಾರು ಓಡಿಸಿಕೊಂಡು ಹೋಗಿ ಪಂದ್ಯ ನೋಡಿದೆ. 62–39. ಒಹಾಯೋ ಸ್ಟೇಟಿನ ಡ್ವೇನ್ ಹ್ಯಾಸ್ಕಿನ್ಸ್ 396 ಯಾರ್ಡ್ ಎಸೆದು ಆರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು, ಆರು ಅಂಕ) ಕೊಟ್ಟ. ಅಡ್ಡಕ್ಕೆ ಓಡಿ ಎಸೆತ ಹಿಡಿಯುವ ರಿಸೀವರುಗಳ ಬೆನ್ನು ಹಿಡಿದ ನಮ್ಮ ಹುಡುಗರು ಪ್ರತಿ ಸಲವೂ ಎರಡು ಹೆಜ್ಜೆ ಹಿಂದೆ ಉಳಿಯುತ್ತಿದ್ದುದನ್ನು ಮೇಲಿನ ಮೆಟ್ಟಿಲಿನಿಂದ ಕಣ್ಣಾರೆ ಕಂಡೆ. ನಾನು ದುಡ್ಡು ಕೊಟ್ಟು ತಂದ ಅಂಕಪಟ್ಟಿಯಲ್ಲಿ ಆ ಎರಡು ಹೆಜ್ಜೆಯ ಸುಳಿವು ಎಲ್ಲಿಯೂ ಇರಲಿಲ್ಲ.

2019ರಲ್ಲಿ ಆ ಪಾಠವನ್ನೇ ಅತಿಯಾಗಿ ಹಿಡಿದುಕೊಂಡು ಮತ್ತೆ ತಪ್ಪಿದೆ. ಅಡ್ಡ ಓಟದ ಎಸೆತಗಳನ್ನು ತಡೆದರೆ ಪಂದ್ಯ ನಮ್ಮದು ಎಂದು ಎರಡು ಪುಟ ಬರೆದೆ. ಒಹಾಯೋ ಸ್ಟೇಟಿನ ಜೆ. ಕೆ. ಡಾಬಿನ್ಸ್ 211 ಯಾರ್ಡ್ ಓಡಿ ನಾಲ್ಕು ಟಚ್‌ಡೌನ್ ಹೊಡೆದ, ಅಂಕ 56–27 ಆಯಿತು. ಹೋದ ವರ್ಷ ಬಿದ್ದ ಗುಂಡಿಯನ್ನು ಮಾತ್ರ ಮುಚ್ಚಿಕೊಂಡು ನಡೆದರೆ ಈ ವರ್ಷ ಪಕ್ಕದ ಗುಂಡಿಗೆ ಕಾಲಿಡುತ್ತೇವೆ ಎಂಬುದು ಆಗ ಸ್ಪಷ್ಟವಾಯಿತು. ಈ ಎರಡು ವರ್ಷಗಳಲ್ಲಿ ಚಂದಾ, ಟಿಕೆಟ್, ಪೆಟ್ರೋಲ್, ಹಳೆಯದೊಂದು ಎರಡನೆಯ ಮಾನಿಟರ್ ಎಲ್ಲ ಸೇರಿ ನನ್ನ ಕೈಯಿಂದ 1,200 ಡಾಲರಿಗೆ ಕಡಿಮೆಯಿಲ್ಲದಷ್ಟು ಹೋಗಿತ್ತು. ಮನೆಯಾಕೆ ಕೇಳಿದ್ದು ಒಂದೇ ಮಾತು: "ಇಷ್ಟು ಕೊಟ್ಟಿದ್ದಕ್ಕೆ ನಿಮಗೆ ಹೊಸದಾಗಿ ಏನು ಗೊತ್ತಾಯಿತು ರೀ?" ಅದಕ್ಕೆ ಉತ್ತರ ಕೊಡಲಾಗಲಿಲ್ಲ. ಅಂಕ ಕೊಡುವ ಸೇವೆಯನ್ನು ಅಂದೇ ನಿಲ್ಲಿಸಿದೆ.

2020ರಲ್ಲಿ ಕೋವಿಡ್‌ನಿಂದಾಗಿ ಈ ಪಂದ್ಯವೇ ರದ್ದಾಯಿತು. ಆ ಬಿಡುವಿನಲ್ಲಿ ನಾನು ಹಳೆಯ ಪಂದ್ಯಗಳ ವಿಡಿಯೋಗಳನ್ನು ಮುಂದಿಟ್ಟುಕೊಂಡು ಕೈಯಲ್ಲೇ ಎಣಿಸುವುದನ್ನು ರೂಢಿ ಮಾಡಿಕೊಂಡೆ. ಉದ್ದ ಸಾಲಿನ ಒಂದು ನೋಟ್‌ಬುಕ್, ಒಂದು ಕೆಂಪು ಪೆನ್ನು, ಪಂದ್ಯ ದಾಖಲಿಸಿಡುವ ಟಿವಿ ಚಂದಾ. ಇದಕ್ಕಿಂತ ಹೆಚ್ಚಿನದು ಬೇಕಾಗಲಿಲ್ಲ. ಚಂದಾ ಆಗ ತಿಂಗಳಿಗೆ 65 ಡಾಲರಿನಂತೆ ನಾಲ್ಕು ತಿಂಗಳು ಮಾತ್ರ. ಒಂದು ತಂಡದ ಒಂದು ಪಂದ್ಯವೆಂದರೆ ಎಪ್ಪತ್ತರಷ್ಟು ಸ್ನ್ಯಾಪುಗಳು, ಎಣಿಸಲು ಸುಮಾರು ಎರಡೂವರೆ ಗಂಟೆ.

ಎಣಿಕೆಯಲ್ಲಿ ನಾನು ಇಟ್ಟುಕೊಂಡ ಮೊದಲ ನಿಯಮವೆಂದರೆ ಪಂದ್ಯ ಕೈತಪ್ಪಿದ ಮೇಲಿನ ಆಟವನ್ನು ಪೂರ್ತಿಯಾಗಿ ಹೊಡೆದುಹಾಕುವುದು. ಇದು ನಿಮಗೆಲ್ಲ ಗೊತ್ತಿರುವುದೇ, ಆದರೆ ನಾಲ್ಕನೆಯ ಕ್ವಾರ್ಟರಿಗೆ ಮಾತ್ರ ಇದನ್ನು ಅನ್ವಯಿಸುವವರೇ ಹೆಚ್ಚು. ನಾನು ಎರಡನೆಯ ಕ್ವಾರ್ಟರಿನಲ್ಲೂ ಅನ್ವಯಿಸುತ್ತೇನೆ. ಮಿಷಿಗನ್ ಸ್ಟೇಟ್ ಎದುರಿನ ಆ 56–7ರ ಪಂದ್ಯದಲ್ಲಿ ನನ್ನ ನೋಟ್‌ಬುಕ್ಕಿಗೆ ಬಂದದ್ದು ಇಪ್ಪತ್ತೈದು ಮೂವತ್ತು ಸ್ನ್ಯಾಪುಗಳಷ್ಟೇ. ಅವುಗಳಿಂದ ತಿಳಿದದ್ದಾದರೂ ಏನು? ಎಸೆತವನ್ನು ತಡೆಯುವುದರಲ್ಲಿ ದೇಶದಲ್ಲೇ ಅತಿ ಕೆಳಗಿನ ಸಾಲಿನಲ್ಲಿದ್ದ ತಂಡದ ಎದುರು ಒಹಾಯೋ ಸ್ಟೇಟಿನ ಎಸೆತಗಾರ ಸಿ. ಜೆ. ಸ್ಟ್ರೌಡ್ ಚೆನ್ನಾಗಿ ಎಸೆದ ಎಂಬುದು ಮಾತ್ರ. ಅದೇ ಮಿಷಿಗನ್ ಸ್ಟೇಟ್ ನಮ್ಮನ್ನು ಸೋಲಿಸಿದ್ದು ಕೆನೆತ್ ವಾಕರ್‌ನ ಓಟದಿಂದ, ಐದು ಟಚ್‌ಡೌನ್‌ಗಳಿಂದ. ಇವೆರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು. ಇವನು ಅವನನ್ನು ಹೊಡೆದ, ಅವನು ಇನ್ನೊಬ್ಬನನ್ನು ಹೊಡೆದ ಎಂಬ ಸರಪಳಿಯ ತರ್ಕವನ್ನು ನಾನು ಅಂದಿನಿಂದ ಮುನ್ನೋಟದಲ್ಲಿ ಬರೆದಿಲ್ಲ.

ಎರಡನೆಯದು ಸಮಾನ ಎದುರಾಳಿಗಳು. ಕಾನ್ಫರೆನ್ಸ್ (ತಮ್ಮತಮ್ಮೊಳಗೆ ಆಡುವ ತಂಡಗಳ ಗುಂಪು) ಪಂದ್ಯದ ಮುನ್ನೋಟ ಬರೆಯುವವನಿಗೆ ಇದೊಂದು ದೊಡ್ಡ ಅನುಕೂಲ. ಆ ವರ್ಷ ನಮ್ಮ ಕಾನ್ಫರೆನ್ಸಾದ ಬಿಗ್ ಟೆನ್‌ನಲ್ಲಿ ಪೆನ್ ಸ್ಟೇಟ್, ಮಿಷಿಗನ್ ಸ್ಟೇಟ್, ಮೇರಿಲ್ಯಾಂಡ್, ರಟ್ಗರ್ಸ್, ಇಂಡಿಯಾನಾ, ನೆಬ್ರಾಸ್ಕ ಹೀಗೆ ಆರು ತಂಡಗಳು ಇಬ್ಬರೊಂದಿಗೂ ಆಡಿದ್ದವು. ಆದರೆ ಅಂತಿಮ ಅಂಕಗಳನ್ನು ಅಕ್ಕಪಕ್ಕ ಇಟ್ಟರೆ ಮೋಸ ಹೋಗುತ್ತೇವೆ. ರಟ್ಗರ್ಸ್ ಎದುರು ಒಹಾಯೋ ಸ್ಟೇಟ್ 52–13, ಮಿಷಿಗನ್ 20–13. ಇಷ್ಟನ್ನೇ ನೋಡಿದವನು ಪೆನ್ನು ಕೆಳಗಿಡುತ್ತಾನೆ. ನಾನು ನೋಡಿದ್ದು, ಅದೇ ಎದುರಾಳಿಯ ಅದೇ ಡಿಫೆನ್ಸಿವ್ ಟ್ಯಾಕಲ್‌ನನ್ನು (ರಕ್ಷಣೆಯ ಮುಂಸಾಲಿನ ನಡುವಿನವ) ಯಾರ ಗಾರ್ಡ್ (ಓಟಕ್ಕೆ ದಾರಿ ಬಿಡಿಸುವ ಮುಂಸಾಲಿನವ) ಎಷ್ಟು ಸಲ ಜಾಗ ಬಿಡಿಸಿದ ಎಂಬುದನ್ನು. ಪೆನ್ ಸ್ಟೇಟ್ ಮತ್ತು ನೆಬ್ರಾಸ್ಕ ಎದುರಿನ ನಾಲ್ಕು ಪಂದ್ಯಗಳನ್ನು ಹೀಗೆ ಎಣಿಸಿದಾಗ ಮಿಷಿಗನ್ ಆಫೆನ್ಸಿವ್ ಲೈನ್ (ಆಕ್ರಮಣದ ಮುಂಸಾಲು) ಸ್ಪಷ್ಟವಾಗಿ ಮುಂದಿತ್ತು, ನನ್ನ ನೆನಪಿನಂತೆ ಹತ್ತು ಓಟಕ್ಕೆ ಆರೇಳು ಸಲ ಓಟಗಾರನನ್ನು ಮೊದಲು ಮುಟ್ಟಿದ್ದು ಸ್ನ್ಯಾಪ್ ಆದ ಗೆರೆ ದಾಟಿದ ಮೇಲೆ. ಆ ಲೈನಿಗೇ ವರ್ಷದ ಕೊನೆಯಲ್ಲಿ ದೇಶದ ಅತ್ಯುತ್ತಮ ಆಫೆನ್ಸಿವ್ ಲೈನಿಗೆ ಕೊಡುವ ಜೋ ಮೂರ್ ಪ್ರಶಸ್ತಿ ಬಂತು. ನನ್ನ ಕೆಂಪು ಪೆನ್ನು ಅದನ್ನು ನವೆಂಬರಿನಲ್ಲೇ ಹೇಳಿತ್ತು ಎಂಬುದನ್ನು ಇಲ್ಲಿ ಹೇಳಿಕೊಳ್ಳಲು ನನಗೆ ಸಂತೋಷವಿದೆ.

ಮೂರನೆಯದೇ ಪಂದ್ಯವನ್ನು ತೆರೆದು ತೋರಿಸಿದ್ದು. ಸೆಪ್ಟೆಂಬರ್ 11ರಂದು ಆರಿಗನ್ ತಂಡ ಕೊಲಂಬಸ್ಸಿಗೆ ಹೋಗಿ 35–28ರಿಂದ ಗೆದ್ದು ಬಂದಿತ್ತು, 269 ಯಾರ್ಡ್ ಓಡಿತ್ತು, ಅದರಲ್ಲಿ ಸಿ. ಜೆ. ವರ್ಡೆಲ್‌ನದೇ 161. ಅದಕ್ಕೂ ಮೊದಲು, ಸೋತ ಮಿನ್ನೆಸೋಟಾ ಕೂಡ ಚೆನ್ನಾಗಿಯೇ ಓಡಿತ್ತು. ಆಮೇಲೆ ಒಹಾಯೋ ಸ್ಟೇಟ್ ತನ್ನ ರಕ್ಷಣೆಯ ಆಟ ಕರೆಯುವ ಹೊಣೆಯನ್ನು ಒಬ್ಬ ಕೋಚ್‌ನಿಂದ ಇನ್ನೊಬ್ಬರಿಗೆ ವಹಿಸಿತು, ಓಟದ ಅಂಕಿಅಂಶಗಳು ಸುಧಾರಿಸಿದವು, ತೊಂದರೆ ಬಗೆಹರಿಯಿತು ಎಂದು ಎಲ್ಲರೂ ಬರೆದರು. ನಾನು ಅಕ್ಟೋಬರ್ ಮತ್ತು ನವೆಂಬರಿನ ಪಂದ್ಯಗಳನ್ನು ಒಂದೊಂದಾಗಿ ಎಣಿಸಿದಾಗ ಕಂಡದ್ದು ಬೇರೆ. ಎದುರಾಳಿಗಳಲ್ಲಿ ಹೆಚ್ಚಿನವರು ಮೊದಲರ್ಧದಲ್ಲೇ ಎರಡು ಮೂರು ಟಚ್‌ಡೌನ್ ಹಿಂದೆ ಬೀಳುತ್ತಿದ್ದುದರಿಂದ ಓಟವನ್ನೇ ಕೈಬಿಡುತ್ತಿದ್ದರು. ಪಂದ್ಯ ಸಮವಿದ್ದಾಗ, ಗಾರ್ಡನ್ನು ಎಳೆದು (ಪಕ್ಕಕ್ಕೆ ಓಡಿಸಿ ದಾರಿ ಮಾಡಿಸಿ), ಸಾಲಿನ ತುದಿಯಲ್ಲಿ ಎರಡು ಟೈಟ್ ಎಂಡ್‌ಗಳನ್ನು ನಿಲ್ಲಿಸಿ ಓಡಿದ ಸಲಗಳನ್ನು ಮಾತ್ರ ಬೇರ್ಪಡಿಸಿದರೆ, ಆ ಎಲ್ಲ ಪಂದ್ಯಗಳಿಂದ ಕೂಡಿ ನಲವತ್ತೂ ಸಿಗಲಿಲ್ಲ, ಸಿಕ್ಕವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಫಲವಾಗಿದ್ದವು. ನಮ್ಮೂರಿನ ಹಂಚಿನ ಮನೆಯಲ್ಲಿ ಬೇಸಿಗೆಯಲ್ಲಿ ಅಜ್ಜ ಹೇಳುತ್ತಿದ್ದ ಮಾತನ್ನೇ ಮುನ್ನೋಟದಲ್ಲಿ ಬರೆದೆ: ಮಾಡು ಸೋರುವುದು ನಿಂತಿಲ್ಲ, ಮಳೆ ಬಂದಿಲ್ಲ ಅಷ್ಟೆ. ಮಳೆ ನವೆಂಬರ್ 27ರಂದು ನಮ್ಮ ತಂಡದ ಊರಾದ ಆನ್ ಆರ್ಬರಿನಲ್ಲಿ ಬರುತ್ತದೆ, ನಮ್ಮ ಓಟಗಾರ ಹಸನ್ ಹ್ಯಾಸ್ಕಿನ್ಸ್ 25 ಸಲ ಓಡಿದರೆ ಮಿಷಿಗನ್ ಗೆಲ್ಲುತ್ತದೆ ಎಂದು ಖಚಿತವಾಗಿ ಬರೆದೆ.

ಇಲ್ಲಿ ಲೈನಿನವರ ಕೈಯ ಬಗ್ಗೆ ಒಂದು ಮಾತು. ಹೈಸ್ಕೂಲಿನಲ್ಲಿ ಕಬಡ್ಡಿ ಆಡುವಾಗ ರೈಡರ್‌ನ ಮುಖ ನೋಡಬೇಡ, ಹಿಂದಿನ ಕಾಲಿನ ಹಿಮ್ಮಡಿ ನೋಡು ಎಂದು ನಮ್ಮ ಪಿ.ಟಿ. ಮೇಷ್ಟ್ರು ಕಲಿಸಿದ್ದರು. ಆ ಅಭ್ಯಾಸದಿಂದಲೇ ನಾನು ಗಾರ್ಡ್ ನೆಲಕ್ಕೆ ಊರಿದ ಕೈಯನ್ನು ನೋಡತೊಡಗಿದೆ. ಮೈಭಾರ ಮುಂದಕ್ಕೆ ಬಿದ್ದಾಗ ಬೆರಳ ಗೆಣ್ಣುಗಳು ಬಿಳಿಚಿಕೊಳ್ಳುತ್ತವೆ, ಹಿಮ್ಮಡಿ ಏಳುತ್ತದೆ, ಅವನು ನೇರಕ್ಕೆ ನುಗ್ಗುತ್ತಾನೆ. ಪಕ್ಕಕ್ಕೆ ಸರಿದು ಓಡಬೇಕಾದವನ ಅಥವಾ ಹಿಂದೆ ಸರಿದು ಎಸೆಯುವವನನ್ನು ಕಾಯಬೇಕಾದವನ ಬೆರಳುಗಳು ಹುಲ್ಲನ್ನು ಸುಮ್ಮನೆ ಮುಟ್ಟಿರುತ್ತವೆ. ಎಂಡ್‌ಜೋನ್ (ಮೈದಾನದ ತುದಿ) ಕಡೆಯಿಂದ ತೋರಿಸುವ ಮರುಪ್ರಸಾರದಲ್ಲಿ ಚಿತ್ರ ನಿಲ್ಲಿಸಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಯಾವ ತಂಡದ ಗಾರ್ಡ್ ಹೀಗೆ ತನ್ನ ಆಟವನ್ನು ಬಿಟ್ಟುಕೊಡುತ್ತಾನೆ ಎಂಬುದನ್ನು ನಾನು ಒಂದು ಅಂಕಿಯಾಗಿ ಮಾಡಿಕೊಂಡಿದ್ದೇನೆ. ಆ ಅಂಕಿಯನ್ನು ಹೇಗೆ ಕಟ್ಟುತ್ತೇನೆ, ಮೂರನೆಯ ಡೌನಿನಲ್ಲಿ ಅದಕ್ಕೆ ಎಷ್ಟು ತೂಕ ಕೊಡುತ್ತೇನೆ ಎಂಬುದು ಮಾತ್ರ ನನ್ನ ನೋಟ್‌ಬುಕ್ಕಿನಲ್ಲೇ ಇರಲಿ.

ಹವಾಮಾನದ ಮೇಲೆಯೂ ಒಂದು ಪೂರ್ತಿ ಬೇಸಿಗೆ ಕಳೆದಿದ್ದೇನೆ. ನವೆಂಬರಿನ ಪಂದ್ಯಗಳನ್ನು ಗಾಳಿ, ಮಂಜು (ಹಿಮ), ಮಳೆ ಎಂದು ವಿಂಗಡಿಸಿ ನೋಡಿದಾಗ ಎಸೆತಕ್ಕೆ ನಿಜವಾಗಿ ತೊಂದರೆ ಕೊಡುವುದು ಗಾಳಿ, ಮಂಜಿಗೆ ನಾವು ಕೊಡುವ ಮಹತ್ವ ಅದಕ್ಕಿಲ್ಲ ಎನಿಸಿತು. ನವೆಂಬರ್ 27ರಂದೂ ಮಂಜು ಬಿತ್ತು, ಆದರೂ ಸ್ಟ್ರೌಡ್ 394 ಯಾರ್ಡ್ ಎಸೆದ. ಮಂಜಿನಿಂದ ಒಹಾಯೋ ಸ್ಟೇಟ್ ಸೋತಿತು ಎನ್ನುವವರಿಗೆ ಈ ಒಂದು ಅಂಕಿ ಸಾಕು. ಹಾಗೆಯೇ ಕ್ರೀಡಾಂಗಣದ ಗದ್ದಲ ಎಷ್ಟು ಫಾಲ್ಸ್ ಸ್ಟಾರ್ಟ್ (ಸ್ನ್ಯಾಪಿಗೆ ಮೊದಲೇ ಕದಲುವ ತಪ್ಪು) ತರುತ್ತದೆ ಎಂದು ಎಣಿಸಲು ಹೋಗಿ ಏನೂ ಸಿಗದೆ ಬಿಟ್ಟಿದ್ದೆ. ಆದರೆ ಆ ದಿನ ಒಂದು ಲಕ್ಷ ಹನ್ನೊಂದು ಸಾವಿರ ಜನರ ನಡುವೆ ನಿಂತು ಕೇಳಿದ ಮೇಲೆ ಆ ಎಣಿಕೆಯನ್ನು ಮತ್ತೆ ಕೈಗೆತ್ತಿಕೊಂಡಿದ್ದೇನೆ.

ಟಿಕೆಟನ್ನು ಬೇಸಿಗೆಯಲ್ಲೇ 190 ಡಾಲರಿನ ಆಸುಪಾಸಿನಲ್ಲಿ ಕೊಂಡಿದ್ದೆ, ಪಂದ್ಯದ ವಾರ ಅದರ ದುಪ್ಪಟ್ಟು ಕೊಡುತ್ತೇನೆಂದವರಿದ್ದರೂ ಮಾರಲಿಲ್ಲ. ಮೊದಲರ್ಧ 14–13ರಲ್ಲಿ ಮುಗಿಯಿತು. ಎರಡನೆಯ ಅರ್ಧದಲ್ಲಿ ಮಿಷಿಗನ್ ನಾಲ್ಕು ಟಚ್‌ಡೌನ್ ಹೊಡೆಯಿತು, ನಾಲ್ಕೂ ಹ್ಯಾಸ್ಕಿನ್ಸ್‌ನವೇ. ಬ್ಲೇಕ್ ಕೋರಮ್ 55 ಯಾರ್ಡ್ ಓಡಿದಾಗ ನಮ್ಮ ಎಡ ಗಾರ್ಡ್ ಮತ್ತು ಟೈಟ್ ಎಂಡ್‌ಗಳ ಕಡೆಗೇ ನನ್ನ ಕಣ್ಣಿತ್ತು. ಬೆಂಚಿನ ಮೇಲೆ ಮಂಜು ಕೂತಿತ್ತು, ಕೈಗವಸು ತೆಗೆದು ಬರೆಯುತ್ತಿದ್ದ ಬೆರಳುಗಳು ಮರಗಟ್ಟಿದ್ದವು, ಆದರೂ ಒಂದು ಸ್ನ್ಯಾಪನ್ನೂ ಬಿಡದೆ ಗುರುತು ಹಾಕಿಕೊಂಡೆ. ಕೊನೆಗೆ 42–27. ಹ್ಯಾಸ್ಕಿನ್ಸ್ 28 ಓಟ, 169 ಯಾರ್ಡ್, ಐದು ಟಚ್‌ಡೌನ್; ತಂಡದ ಓಟ ಒಟ್ಟು 297. ನಾನು ಬರೆದದ್ದು 220ರ ಸುಮಾರು, ಅಷ್ಟರಮಟ್ಟಿಗೆ ನನ್ನ ಧೈರ್ಯ ಕಡಿಮೆಯಾಗಿತ್ತು. ನಮ್ಮ ರಕ್ಷಣಾ ಪಡೆಯ ಏಡನ್ ಹಚಿನ್ಸನ್ ಮೂರು ಸ್ಯಾಕ್ (ಎಸೆಯುವವನನ್ನು ಎಸೆಯುವ ಮೊದಲೇ ಕೆಡವುವುದು) ಮಾಡುತ್ತಾನೆಂದು ನಾನು ಬರೆದಿರಲಿಲ್ಲ, ಒಹಾಯೋ ಸ್ಟೇಟಿನ ಆಫೆನ್ಸಿವ್ ಲೈನಿನ ಟ್ಯಾಕಲ್‌ಗಳು ಅವನಿಗೆ ತಡೆಯಾಗಲಾರರು ಎಂದಷ್ಟೇ ಬರೆದಿದ್ದೆ. ಅದೇ ಸಂಜೆ ಹಾಸನದ ಗೆಳೆಯ ಫೋನ್ ಮಾಡಿ, "ಅಣ್ಣಾ, ಆ ಮಾಡಿನ ಪುಟ ಇನ್ನೊಮ್ಮೆ ಕಳಿಸಿ" ಎಂದ. ಅವನ ಮನೆಯಲ್ಲಿ ಊಟದ ಬಾಜಿ ಇತ್ತು, ಕ್ರಿಸ್‌ಮಸ್ ರಜೆಯಲ್ಲಿ ಹೋಗಿ ಉಂಡು ಬಂದೆವು.

ಡಿಸೆಂಬರ್ 31ರಂದು ಜಾರ್ಜಿಯಾ ಎದುರಿನ ಪಂದ್ಯಕ್ಕೂ ಬರೆಯಿರಿ ಎಂದು ಎಲ್ಲರೂ ಒತ್ತಾಯಿಸಿದರು. ಎರಡೂ ತಂಡಗಳು ಬೇರೆ ಕಾನ್ಫರೆನ್ಸಿನವು, ಎಣಿಸಲು ಸಮಾನ ಎದುರಾಳಿಗಳಿಲ್ಲ ಎಂಬ ಕಾರಣಕ್ಕೆ ನಾನು ಬರೆಯಲಿಲ್ಲ. ಮಿಷಿಗನ್ 34–11ರಿಂದ ಸೋತಿತು. ಈ ವಿಧಾನ ಎಲ್ಲಿ ನಿಲ್ಲುತ್ತದೆ ಎಂದು ಅರಿತಿರುವುದೂ ವಿಧಾನದ ಭಾಗವೇ ಎಂದು ನಾನು ಭಾವಿಸುತ್ತೇನೆ.

ಮರುವರ್ಷ ಕೊಲಂಬಸ್ಸಿನ ಪಂದ್ಯಕ್ಕೆ ಮಿಷಿಗನ್ 31–27 ಎಂದು ಬರೆದೆ, ಗೆಲುವು 45–23ರಿಂದ ಬಂತು. ಆದರೆ ಕಾರಣ ನಾನು ಬರೆದಂತಿರಲಿಲ್ಲ. ಮೊದಲರ್ಧದಲ್ಲಿ ನಮ್ಮ ಓಟ ಹೆಚ್ಚುಕಡಿಮೆ ನಿಂತೇ ಹೋಗಿತ್ತು, ಏಕೆಂದರೆ ಒಹಾಯೋ ಸ್ಟೇಟ್ ಮಾಡನ್ನು ಮುಚ್ಚಲು ಹಿಂದಿನವರನ್ನೆಲ್ಲ ಮುಂದಕ್ಕೆ ಕರೆತಂದಿತ್ತು, ಹಾಗೆ ತೆರವಾದ ಹಿಂಭಾಗದಲ್ಲಿ ಕಾರ್ನೀಲಿಯಸ್ ಜಾನ್ಸನ್ 69 ಮತ್ತು 75 ಯಾರ್ಡಿನ ಎರಡು ಟಚ್‌ಡೌನ್ ಹಿಡಿದ. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಸೇಫ್ಟಿ (ರಕ್ಷಣೆಯ ಕೊನೆಯ ಸಾಲಿನವ) ಎಷ್ಟು ಆಳದಲ್ಲಿ ನಿಂತಿದ್ದಾನೆ ಎಂಬುದಕ್ಕೆ ಇನ್ನೊಂದು ಅಂಕಣ ಸೇರಿಸಿದ್ದೇನೆ. ಟಿವಿ ಕ್ಯಾಮೆರಾ ಸ್ನ್ಯಾಪಿನ ಹೊತ್ತಿಗೆ ಅವನನ್ನು ಚೌಕಟ್ಟಿನ ಹೊರಗೆ ಬಿಡುವುದರಿಂದ ಮರುಪ್ರಸಾರಗಳಿಂದ ಹೆಕ್ಕಿ ತೆಗೆಯಬೇಕಾಗುತ್ತದೆ. ಎರಡೂವರೆ ಗಂಟೆಯ ಕೆಲಸ ಈಗ ಮೂರೂವರೆ ಗಂಟೆ ಹಿಡಿಯುತ್ತದೆ, ಮತ್ತು ಮೂರರಲ್ಲಿ ಒಂದು ಸ್ನ್ಯಾಪಿನಲ್ಲಿ ಆ ಅಂಕಣ ಇನ್ನೂ ಖಾಲಿಯೇ ಉಳಿಯುತ್ತದೆ.