ಜಾಸ್ಮಿನ್‌ನಲ್ಲಿ ಟೆಸ್ಟ್ ಬರೆಯುವುದು: ಮೊದಲು ಕೆಂಪು, ಆಮೇಲೆ ಹಸಿರು

ಒಂದು ಫಂಕ್ಷನ್ ಬದಲಿಸಿದಾಗಲೆಲ್ಲ ಬ್ರೌಸರ್ ತೆರೆದು, ಬಟನ್ ಒತ್ತಿ, ಉತ್ತರ ಸರಿಯೇ ಎಂದು ಕಣ್ಣಲ್ಲೇ ನೋಡುವ ಅಭ್ಯಾಸ ಹೆಚ್ಚು ದಿನ ನಡೆಯುವುದಿಲ್ಲ. ಆ ಪರಿಶೀಲನೆಯನ್ನು ಜಾವಾಸ್ಕ್ರಿಪ್ಟ್ ಕೋಡ್ ಪರೀಕ್ಷಿಸುವ ಸಾಧನವಾದ ಜಾಸ್ಮಿನ್‌ಗೆ ಒಪ್ಪಿಸಬಹುದು. ಇದಕ್ಕೆ ವೆಬ್ ಪುಟದ ಹಂಗಿಲ್ಲ. ಹೋಲಿಕೆ ಮಾಡುವ, ನಕಲಿ ಫಂಕ್ಷನ್ ಕೊಡುವ ಸೌಲಭ್ಯಗಳೂ ಇದರೊಳಗೇ ಇವೆ. ಕೋಡ್ ಹೇಗೆ ವರ್ತಿಸಬೇಕು ಎಂಬುದನ್ನು ವಾಕ್ಯಗಳಲ್ಲಿ ಬರೆದಿಡುವುದು ಇದರ ಕ್ರಮ.

ನೋಡ್ ಜೆಎಸ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಇರುವ ಕಂಪ್ಯೂಟರ್‌ನಲ್ಲಿ ಪ್ರಾಜೆಕ್ಟ್ ಫೋಲ್ಡರ್‌ಗೆ ಹೋಗಿ, ಅದರ ಪ್ಯಾಕೇಜ್ ಸಾಧನವಾದ ಎನ್‌ಪಿಎಂನ ಇನ್‌ಸ್ಟಾಲ್ ಆದೇಶಕ್ಕೆ ‘ಸೇವ್-ಡೆವ್’ ಆಯ್ಕೆ ಸೇರಿಸಿ ಜಾಸ್ಮಿನ್ ಹಾಕಿಕೊಳ್ಳಿ. ನಂತರ ‘ಎನ್‌ಪಿಎಕ್ಸ್ ಜಾಸ್ಮಿನ್ ಇನಿಟ್’ ಕೊಟ್ಟರೆ ‘ಸ್ಪೆಕ್’ ಎಂಬ ಫೋಲ್ಡರ್, ಅದರೊಳಗೆ ಸೆಟ್ಟಿಂಗ್ ಫೈಲ್ ತಯಾರಾಗುತ್ತವೆ. ಟೆಸ್ಟ್ ಫೈಲ್‌ಗಳನ್ನು ಈ ಫೋಲ್ಡರ್‌ನಲ್ಲೇ ಇಡಿ. ಜೆಎಸ್ ಎಂಬ ಬಾಲದ ಮುಂಚೆ ಫೈಲ್ ಹೆಸರು ‘ಸ್ಪೆಕ್’ ಎಂದೇ ಮುಗಿಯಬೇಕು. ‘ಟೆಸ್ಟ್’ ಎಂದು ಮುಗಿಸಿದರೆ ಜಾಸ್ಮಿನ್ ಆ ಫೈಲನ್ನು ಓದುವುದೇ ಇಲ್ಲ. ಓಡಿಸಲು ‘ಎನ್‌ಪಿಎಕ್ಸ್ ಜಾಸ್ಮಿನ್’ ಸಾಕು.

ಕೊಟ್ಟ ಇಸವಿ ಅಧಿಕ ವರ್ಷವೇ ಎಂದು ಹೇಳುವ ಫಂಕ್ಷನ್ ಒಂದನ್ನು ತೆಗೆದುಕೊಳ್ಳೋಣ. ಇಡೀ ಗುಂಪಿಗೆ ಒಂದು ‘ಡಿಸ್ಕ್ರೈಬ್’, ಒಳಗೆ ಒಂದೊಂದು ವರ್ತನೆಗೂ ಒಂದು ‘ಇಟ್’. ಇಂಥ ಒಂದೊಂದು ಟೆಸ್ಟನ್ನೂ ‘ಸ್ಪೆಕ್’ ಎನ್ನುತ್ತಾರೆ. ‘ಇಟ್’ನ ಮೊದಲ ಭಾಗದಲ್ಲಿ ವಾಕ್ಯ, ಎರಡನೆಯ ಭಾಗದಲ್ಲಿ ಫಂಕ್ಷನ್, ಆ ಫಂಕ್ಷನ್ ಒಳಗೆ ‘ಎಕ್ಸ್‌ಪೆಕ್ಟ್’ಗೆ ಬಂದ ಉತ್ತರ, ‘ಟು ಬಿ’ಗೆ ಬರಬೇಕಾದ ಉತ್ತರ. ವಾಕ್ಯವನ್ನು ಕನ್ನಡದಲ್ಲೇ ಬರೆಯಬಹುದು: ‘ನೂರರಿಂದ ಭಾಗವಾಗಿ ನಾನೂರರಿಂದ ಭಾಗವಾಗದ ವರ್ಷ ಅಧಿಕ ವರ್ಷವಲ್ಲ’. ಟೆಸ್ಟ್ ಸೋತಾಗ ಪರದೆ ಮೇಲೆ ಬರುವುದು ಈ ವಾಕ್ಯವೇ. ‘ಟೆಸ್ಟ್ 3’ ಎಂದು ಬರೆದಿದ್ದರೆ ಏನು ಕೆಟ್ಟಿದೆ ಎಂದು ತಿಳಿಯಲು ಮತ್ತೆ ಕೋಡ್ ಓದಬೇಕಾಗುತ್ತದೆ.

ನಾಲ್ಕು ಇಸವಿ ಸಾಕು: 2024 ಹೌದು, 2023 ಅಲ್ಲ, 1900 ಅಲ್ಲ, 2000 ಹೌದು. ಫಂಕ್ಷನ್ ಕೇವಲ ನಾಲ್ಕರಿಂದ ಭಾಗಿಸಿ ನೋಡುತ್ತಿದ್ದರೆ ಮೂರು ಹಸಿರು ಚುಕ್ಕೆ, ಒಂದು ಕೆಂಪು ‘ಎಫ್’ ಬರುತ್ತವೆ. ಸೋತದ್ದು 1900. ‘ನೂರರಿಂದ ಭಾಗವಾದರೆ ಅಲ್ಲ’ ಎಂಬ ಷರತ್ತು ಸೇರಿಸಿ ಮತ್ತೆ ಓಡಿಸಿ: ಈಗ 1900 ಗೆದ್ದಿತು, 2000 ಸೋತಿತು. ನಾನೂರರ ಷರತ್ತನ್ನೂ ಸೇರಿಸಿದಾಗ ನಾಲ್ಕೂ ಹಸಿರಾಗುತ್ತವೆ. ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಕೆಡಿಸಿದ್ದು ಆ ಕ್ಷಣವೇ ಗೊತ್ತಾಯಿತಲ್ಲ, ಟೆಸ್ಟ್ ಬರೆಯುವುದು ಅದಕ್ಕಾಗಿಯೇ. ಹೊಸ ಟೆಸ್ಟ್ ಯಾವುದೇ ಇರಲಿ, ಒಮ್ಮೆ ಬೇಕೆಂದೇ ಸೋಲಿಸಿ ನೋಡಿ. ಸೋಲಲಾರದ ಟೆಸ್ಟ್ ಗೆದ್ದರೆ ಅದಕ್ಕೆ ಅರ್ಥವಿಲ್ಲ.

ಹೋಲಿಕೆಯಲ್ಲಿ ಎಡವುವವರು ಬಹಳ. ‘ಟು ಬಿ’ ಮೂರು ಸಮಚಿಹ್ನೆಗಳ ಹೋಲಿಕೆ. ಒಳಗಿನ ಅಂಶಗಳು ಒಂದೇ ಆಗಿದ್ದರೂ ಎರಡು ಬೇರೆ ಅರೇಗಳನ್ನು ಅದು ಒಂದೇ ಎನ್ನುವುದಿಲ್ಲ. ಅರೇ, ಆಬ್ಜೆಕ್ಟ್‌ಗಳಿಗೆ ‘ಟು ಈಕ್ವಲ್’ ಬಳಸಿ. 0.1ಕ್ಕೆ 0.2 ಕೂಡಿಸಿದರೆ ಜಾವಾಸ್ಕ್ರಿಪ್ಟ್ ಕೊಡುವುದು 0.30000000000000004, ಇಂಥ ಕಡೆ ‘ಟು ಬಿ ಕ್ಲೋಸ್ ಟು’ ಬೇಕು, ಅದು ಬೇರೆ ಹೇಳದಿದ್ದರೆ ಎರಡು ದಶಮಾಂಶ ಸ್ಥಾನದವರೆಗೆ ನೋಡುತ್ತದೆ. ಎರರ್ ಬರಲೇಬೇಕು ಎಂದು ಪರೀಕ್ಷಿಸುವಾಗ ಫಂಕ್ಷನ್ನನ್ನು ‘ಎಕ್ಸ್‌ಪೆಕ್ಟ್’ ಒಳಗೆ ನೇರವಾಗಿ ಕರೆಯಬೇಡಿ. ‘ಟು ಥ್ರೋ’ ಕೆಲಸ ಶುರುವಾಗುವ ಮೊದಲೇ ಎರರ್ ಸಿಡಿದು ಟೆಸ್ಟ್ ಸೋಲುತ್ತದೆ. ಕರೆಯನ್ನು ಒಂದು ಆ್ಯರೋ ಫಂಕ್ಷನ್‌ನಲ್ಲಿ ಸುತ್ತಿ ಕೊಡಿ.

ಸರ್ವರ್‌ಗೆ ಹೋಗುವ ಕರೆಗಳಿಗೆ ‘ಸ್ಪೈ ಆನ್’ ಇದೆ. ಅದು ಅಸಲಿ ಮೆಥಡ್ ಜಾಗದಲ್ಲಿ ನಕಲಿಯನ್ನು ಕೂರಿಸಿ, ಯಾವ ಮೌಲ್ಯಗಳೊಂದಿಗೆ ಎಷ್ಟು ಸಲ ಕರೆ ಬಂತು ಎಂದು ಲೆಕ್ಕ ಇಡುತ್ತದೆ. ಸುಮ್ಮನೆ ಹಾಕಿದ ಸ್ಪೈ ಅಸಲಿಯನ್ನು ಕರೆಯುವುದಿಲ್ಲ, ಅನ್‌ಡಿಫೈನ್ಡ್ ಕೊಡುತ್ತದೆ. ಉತ್ತರ ಬೇಕಿದ್ದರೆ ‘ಆ್ಯಂಡ್ ರಿಟರ್ನ್ ವ್ಯಾಲ್ಯೂ’, ಅಸಲಿಯೇ ಓಡಬೇಕಿದ್ದರೆ ‘ಆ್ಯಂಡ್ ಕಾಲ್ ಥ್ರೂ’ ಸೇರಿಸಿ. ಸ್ಪೆಕ್ ಮುಗಿದೊಡನೆ ಸ್ಪೈ ತಾನೇ ತೆರವಾಗುತ್ತದೆ. ಟೈಮರ್‌ಗಳಿಗೆ ಬಳಸುವ ನಕಲಿ ಗಡಿಯಾರವಾದ ಜಾಸ್ಮಿನ್ ಕ್ಲಾಕ್ ಹಾಗಲ್ಲ. ಪ್ರತಿ ಸ್ಪೆಕ್‌ಗೆ ಮುಂಚೆ ಓಡುವ ‘ಬಿಫೋರ್ ಈಚ್’ನಲ್ಲಿ ಇನ್‌ಸ್ಟಾಲ್ ಮಾಡಿದ್ದನ್ನು ನಂತರ ಓಡುವ ‘ಆಫ್ಟರ್ ಈಚ್’ನಲ್ಲಿ ಅನ್‌ಇನ್‌ಸ್ಟಾಲ್ ಮಾಡಬೇಕು.

ತಡವಾಗಿ ಉತ್ತರ ಕೊಡುವ ಕೋಡ್‌ನಲ್ಲಿ, ಆ ಉತ್ತರಕ್ಕೆ ಕಾಯಿಸುವ ‘ಅವೇಟ್’ ಮರೆತರೆ ‘ಎಕ್ಸ್‌ಪೆಕ್ಟ್’ ತಲುಪುವ ಮುನ್ನವೇ ಸ್ಪೆಕ್ ಮುಗಿದು ಹಸಿರು ಚುಕ್ಕೆ ಬೀಳಬಹುದು. ಏನನ್ನೂ ಪರೀಕ್ಷಿಸದ ಹಸಿರು ಇದು, ಕೆಂಪಿಗಿಂತ ಅಪಾಯಕಾರಿ. ಇದನ್ನು ತಡೆಯಲು ಸೆಟ್ಟಿಂಗ್ ಫೈಲ್‌ನ ‘ಎನ್ವ್’ ಭಾಗದಲ್ಲಿ ‘ಫೇಲ್ ಸ್ಪೆಕ್ ವಿತ್ ನೋ ಎಕ್ಸ್‌ಪೆಕ್ಟೇಶನ್ಸ್’ ಅನ್ನು ಟ್ರೂ ಮಾಡಿ. ಇನ್ನು ಜಾಸ್ಮಿನ್‌ನ ಸಾಮಾನ್ಯ ಮಿತಿಯಾದ 5 ಸೆಕೆಂಡ್ ಮೀರಿ ಸ್ಪೆಕ್ ಸೋತರೆ, ಮಿತಿ ಹೆಚ್ಚಿಸುವ ಮುನ್ನ ಯಾವ ಪ್ರಾಮಿಸ್ (ಮುಂದೆ ಬರಲಿರುವ ಉತ್ತರವನ್ನು ಪ್ರತಿನಿಧಿಸುವ ಆಬ್ಜೆಕ್ಟ್) ಮುಗಿಯದೆ ಉಳಿದಿದೆ ಎಂದು ಹುಡುಕಿ.

ಒಮ್ಮೆ ಗೆದ್ದು ಒಮ್ಮೆ ಸೋಲುವ ಟೆಸ್ಟ್ ಸಿಕ್ಕರೆ ಕ್ರಮದ ಮೇಲೆ ಅನುಮಾನ ಪಡಿ. 3.0 ಆವೃತ್ತಿಯಿಂದ ಜಾಸ್ಮಿನ್ ಸ್ಪೆಕ್‌ಗಳನ್ನು ಕಲಸಿ ಓಡಿಸುತ್ತದೆ. ಒಂದು ಸ್ಪೆಕ್ ಬಿಟ್ಟುಹೋದ ಮೌಲ್ಯವನ್ನು ಇನ್ನೊಂದು ನೆಚ್ಚಿಕೊಂಡಿದ್ದರೆ ಕ್ರಮ ಬದಲಾದಾಗ ಸೋಲಬಹುದು. ಕೊನೆಯಲ್ಲಿ ತೋರುವ ‘ಸೀಡ್’ ಸಂಖ್ಯೆಯನ್ನು ಮತ್ತೆ ಕೊಟ್ಟರೆ ಅದೇ ಕ್ರಮ ಮರಳುತ್ತದೆ. ಹುಡುಕುವಾಗ ಒಂದೇ ಸ್ಪೆಕ್ ಓಡಿಸಲು ‘ಇಟ್’ ಅನ್ನು ‘ಎಫ್‌ಇಟ್’ ಮಾಡಬಹುದು. ಕೋಡ್ ಒಪ್ಪಿಸುವ ಮೊದಲು ಆ ‘ಎಫ್’ ಅಳಿಸಿದ್ದೀರಾ ನೋಡಿಕೊಳ್ಳಿ, ಇಲ್ಲವಾದರೆ ಉಳಿದ ಸ್ಪೆಕ್‌ಗಳು ಓಡುವುದೇ ಇಲ್ಲ.